ಸಂಕವ್ವನ ಗೂಟದ ಹಲಗೆ

ಹೆಂಗಸಿನ ಕೈಯಲ್ಲಿ ಉಳಿ ನಿಲ್ಲದು ಅಂದವನು ಅವಳ ಮಾವ. ಅಕ್ಷರ ಅವಳ ತಲೆಗೆ ಹತ್ತದು ಅಂದವನು ಮೈದುನ. ಇವಳಿಂದ ಏನೂ ಆಗದು ಅಂದವನು ಕೆರೆ ಅಧಿಕಾರಿ ಬೊಪ್ಪಯ್ಯ. ದೊಡ್ಡ ಕೆರೆಯ ಕೆಳಗೆ ಬಾಳುತ್ತಿದ್ದ ಒಂದು ರಾಜ್ಯದಲ್ಲಿ, ಮಕ್ಕಳೇ, ಹೀಗೆ ಮೂವರಿಂದ ಅನ್ನಿಸಿಕೊಂಡ ಸಂಕವ್ವ ಇದ್ದಳು. ಶಾಸನದ ಕಲ್ಲುಗಳ ಮೇಲೆ ಬೆರಳಾಡಿಸಿ ತಾನೇ ಓದು ಕಲಿತಳು. ಆಮೇಲೆ ಒಂದು ಹಲಗೆ ಮಾಡಿದಳು.

ಹಲಗೆಯಲ್ಲಿ ದಿನಕ್ಕೊಂದು ಸಾಲು ತೂತು. ಕೆರೆಯ ಅಳತೆಗಂಬದಲ್ಲಿ ನೀರು ಎಷ್ಟು ಗೇಣಿದೆಯೋ ಅಷ್ಟೆತ್ತರಕ್ಕೆ ಗೂಟ ಚುಚ್ಚಬೇಕು. ಗೂಟದಿಂದ ಗೂಟಕ್ಕೆ ದಾರ ಬಿಗಿಯಬೇಕು. ನೀರಿನ ಏರಿಳಿತ ಓದು ಬಾರದವರಿಗೂ ಕಾಣುತ್ತಿತ್ತು. ರಾಜ ಅದನ್ನು ಅರಮನೆಯಲ್ಲಿ ತೂಗುಹಾಕಿಸಿ, ಗೂಟ ಚುಚ್ಚುವ ಕೆಲಸ ಬೊಪ್ಪಯ್ಯನಿಗೆ ಕೊಟ್ಟ.

ಬೊಪ್ಪಯ್ಯ ಮೂರು ಸಲ ಬಂದ. ದಾರ ಜಾರುತ್ತದೆ ಅಂದ. ಗೂಟಕ್ಕೆ ದಾರ ಕೂರುವ ಕಚ್ಚು ಕೊರೆದುಕೊಟ್ಟಳು. ಅಪಾಯದ ಎತ್ತರ ತಿಳಿಯದು ಅಂದ. ಕೆಂಪು ಗೆರೆ ಬಳಿದುಕೊಟ್ಟಳು. ಮೂರನೆಯ ಸಲ, ನಾನು ಕೆರೆಗೆ ಹೋಗದ ದಿನ ಗೂಟ ತಾನೇ ಏಳಬೇಕು ಅಂದ. ಸಂಕವ್ವ ಉಳಿ ಕೆಳಗಿಟ್ಟಳು.

"ಬಿಡವ್ವ," ಅಂದ ಬೊಪ್ಪಯ್ಯ, "ಅಷ್ಟು ನಿನ್ನ ಕೈಲಾಗೋದಲ್ಲ."

ಆ ಮಾತೇ ಅವಳನ್ನು ಕೆಣಕಿತು. ಮೂರೇ ದಿನದಲ್ಲಿ ಹಲಗೆಗೆ ಒಂದು ಕೀಲು ಕೂಡಿಸಿದಳು. ತಿರುಗಿಸಿದರೆ ಸಾಕು, ಹಿಂದಿನ ದಿನದ ಎತ್ತರದಲ್ಲೇ ಮುಂದಿನ ಗೂಟಗಳು ಏಳುತ್ತಿದ್ದವು.

ಮಳೆಗಾಲ ಬಂತು. ಎಂಟು ದಿನ ಬಿಡದೆ ಸುರಿಯಿತು. ಅರಮನೆಗೆ ಬಂದ ಸಂಕವ್ವ ನೋಡಿದರೆ, ದಾರ ಎಂಟು ದಿನವೂ ಒಂದೇ ಮಟ್ಟದಲ್ಲಿದೆ. ರಾಜನನ್ನು ಕರೆದು ತೋರಿಸಿದಳು. ದಿನಾ ಕಂಬ ನೋಡಿಯೇ ಗೂಟ ಚುಚ್ಚಿದೆ ಎಂದು ಬೊಪ್ಪಯ್ಯ ರಾಜನ ಮುಂದೆ ಆಣೆಯಿಟ್ಟ.

"ಹಾಗಾದರೆ ಸ್ವಾಮಿ, ಕಂಬಕ್ಕೆ ನಾನು ಕಟ್ಟಿದ ಬಟ್ಟೆಯ ಬಣ್ಣ ಯಾವುದು?" ಎಂದು ಸಂಕವ್ವ ಅವನನ್ನು ಕೇಳಿದಳು.

"ಹಳದಿ," ಅಂದ ಬೊಪ್ಪಯ್ಯ. "ಇವತ್ತೂ ಮುಟ್ಟಿ ಬಂದೆ."

"ನಾನು ಏನೂ ಕಟ್ಟಿಲ್ಲ," ಅಂದಳು ಸಂಕವ್ವ.

ರಾಜ ಕೆರೆಗೆ ಓಡಿದ. ಕಂಬವೇ ಮುಳುಗಿತ್ತು. ನೀರು ಏರಿ ದಾಟಲು ಇನ್ನೆರಡೇ ಬೆರಳು. ಕೆರೆಯ ನೀರು ಬಿಡುವ ನೀರುಗಂಟಿ ತೂಬಿನ ಮೇಲೆ ಕೈಯಿಟ್ಟು ಸಂಕವ್ವನನ್ನೇ ನೋಡಿದ. ತೂಬು ಎತ್ತಿದರೆ ನೀರು ನುಗ್ಗುವ ಕಾಲುವೆಯ ದಂಡೆಯಲ್ಲೇ ಇತ್ತು ಅವಳ ಕೊಟ್ಟಿಗೆ, ಅದರೊಳಗೆ ಅವಳ ಮರ.

"ಎತ್ತು," ಅಂದಳು.

ಏರಿ ಉಳಿಯಿತು, ಊರು ಉಳಿಯಿತು. ಅಂದಿನಿಂದ ಬೊಪ್ಪಯ್ಯ ದಿನಾ ಬೆಳಿಗ್ಗೆ ಕೆರೆಗಿಳಿದು, ಊರಿಗೆಲ್ಲ ಕೇಳುವಂತೆ ಅಳತೆ ಕೂಗಬೇಕಾಯಿತು. ಕೀಲನ್ನು ಸಂಕವ್ವ ತಾನೇ ಕಿತ್ತು ಒಲೆಗಿಟ್ಟಳು.

ಅನುಕೂಲ ಕೆಲಸವನ್ನು ಹಗುರ ಮಾಡಲಿ. ಮಾಡದ ಕೆಲಸವನ್ನು ಮಾಡಿದಂತೆ ತೋರಿಸದಿರಲಿ. ಆಗದು ಅಂದವರ ಬಾಯಿ ಮುಚ್ಚಿಸಲೆಂದು ಏನನ್ನೂ ಕೂಡಿಸಬೇಡಿ.

ಈಗ ಸಂಕವ್ವನಿಗೆ ಇರುವುದು ಒಂದು ಉಳಿ, ಒಂದು ಹಲಗೆ, ಅವಳು ಒಪ್ಪದೆ ಅದಕ್ಕೆ ಯಾರೂ ಒಂದು ಗೂಟವನ್ನೂ ಸೇರಿಸಬಾರದೆಂಬ ರಾಜನ ಮಾತು. ಅದಕ್ಕೆ ತೆತ್ತದ್ದು ಒಂದು ಕೊಟ್ಟಿಗೆ, ಹನ್ನೆರಡು ವರ್ಷ ನೆರಳಲ್ಲಿ ಒಣಗಿಸಿಟ್ಟ ತೇಗ.