ಗಡಿಕಲ್ಲಿನ ಬಳಿ ಕೂತವನು

“ಗುರುಗಳೇ, ಒಡಹುಟ್ಟಿದವರ ಕೈಬಿಡಬೇಡ ಎಂದು ಧರ್ಮಶಾಸ್ತ್ರ ಹೇಳುತ್ತದೆ. ಕಷ್ಟದಲ್ಲಿರುವವನಿಗೆ ಇಲ್ಲವೆನ್ನಬೇಡ ಎಂದೂ ಅದೇ ಹೇಳುತ್ತದೆ. ಕಷ್ಟದಲ್ಲಿರುವವನು ನನ್ನ ಮನೆಯನ್ನೇ ಹಾಳುಮಾಡಿದವನಾದರೆ ನಾನು ಯಾವ ಮಾತನ್ನು ಪಾಲಿಸಲಿ?”

ಹೀಗೆ ಕೇಳಿದ ಶಿಷ್ಯ, ಕೂತುಕೋ ಎಂದರೂ ಕೂರಲಿಲ್ಲ. ಗುರು ಕತೆ ಹೇಳತೊಡಗಿದರು.

ಇಸ್ರಾಯೇಲಿನ ಬೆಟ್ಟನಾಡಿನಲ್ಲಿ ಒಬ್ಬ ವಿಧವೆಗೆ ಇಬ್ಬರು ಗಂಡುಮಕ್ಕಳಿದ್ದರು. ದೊಡ್ಡವನ ಹೆಸರು ಯಾಮೀನ. ಚಿಕ್ಕವನು ಒಂದು ದಿನ ನೆರೆಮನೆಯ ಮಾಕೀರನ ಜೊತೆ ಮರ ಕಡಿಯಲು ಹೋದ. ಮಾಕೀರ ಕೊಡಲಿ ಬೀಸಿದಾಗ ಅದರ ಅಲಗು ಮರದ ಹಿಡಿಯಿಂದ ಕಳಚಿಕೊಂಡು ಹಾರಿ ಚಿಕ್ಕವನ ಕುತ್ತಿಗೆಗೆ ಬಡಿಯಿತು. ಅವನು ಅಲ್ಲೇ ಸತ್ತ. ಅವರಿಬ್ಬರ ನಡುವೆ ಯಾವ ಹಗೆಯೂ ಇರಲಿಲ್ಲ.

ಆ ನಾಡಿನ ಕಟ್ಟಳೆಯಂತೆ ಕೊಂದವನನ್ನು ಕೊಲ್ಲುವ ಹಕ್ಕು ಸತ್ತವನ ಹತ್ತಿರದ ಬಂಧುವಿಗೆ ಸೇರಿದ್ದು. ಆದರೆ ಅರಿಯದೆ ಕೊಂದವನು ಆಶ್ರಯನಗರಕ್ಕೆ ಓಡಿಹೋಗಬಹುದು. ಅದರ ಗಡಿಯೊಳಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಗಡಿ ದಾಟಿ ಹೊರಬಂದರೆ ಮಾತ್ರ ಅವನ ಜೀವಕ್ಕೆ ಯಾರೂ ಹೊಣೆಯಲ್ಲ. ಮಾಕೀರ ಹೆಂಡತಿಗೂ ಹೇಳದೆ ಅಲ್ಲಿಗೆ ಓಡಿದ. ನಗರದ ಹಿರಿಯರು ವಿಚಾರಿಸಿ ಅವನನ್ನು ಒಳಗೆ ಸೇರಿಸಿಕೊಂಡರು.

ಯಾಮೀನ ಬೆನ್ನಟ್ಟಿ ಬಂದು ಗಡಿಕಲ್ಲಿನ ಹೊರಗೆ ಕೂತ. ಒಂದು ದಿನವಲ್ಲ, ಎರಡು ವರ್ಷ ಕೂತ. ನಗರದಿಂದ ಯಾರು ಹೊರಬಂದರೂ ಎದ್ದು ಮುಖ ನೋಡುತ್ತಿದ್ದ. ಊಟದ ನಡುವೆ ಎದ್ದು ಹೋಗಿ ದಾರಿ ನೋಡಿ ಬರುತ್ತಿದ್ದ. ಅವನ ಹೊಲದಲ್ಲಿ ಮುಳ್ಳು ಬೆಳೆಯಿತು. ತಿಂಗಳಿಗೊಮ್ಮೆ ಹಿಟ್ಟು ತರಲು ಮನೆಗೆ ಹೋಗುತ್ತಿದ್ದ. ತಾಯಿ ಕೊಟ್ಟದ್ದನ್ನು ಕಟ್ಟಿಕೊಂಡು, ಕಾಲು ತೊಳೆಯುವುದಕ್ಕೂ ನಿಲ್ಲದೆ ತಿರುಗಿ ಹೊರಡುತ್ತಿದ್ದ.

ಮೂರನೆಯ ವರ್ಷ ಹಾಗೆ ಬಂದಾಗ ಮನೆಯಲ್ಲಿ ತಾಯಿ ಇರಲಿಲ್ಲ. ಮಾಕೀರನ ಮನೆಯಲ್ಲಿದ್ದಳು. ಮಾಕೀರನ ಪುಟ್ಟ ಮಗಳು ಜ್ವರದಿಂದ ಮಲಗಿದ್ದಳು. ಯಾಮೀನನ ತಾಯಿ ಮಗುವಿನ ಬಾಯಿಗೆ ಗಂಜಿ ಹಾಕುತ್ತಿದ್ದಳು. ಗಂಜಿ ಯಾಮೀನನಿಗೆಂದು ಎತ್ತಿಟ್ಟಿದ್ದ ಹಿಟ್ಟಿನದು.

ಯಾಮೀನ ಹೊಸ್ತಿಲಲ್ಲೇ ನಿಂತು, “ಅಮ್ಮಾ, ನೀನು ಯಾರ ತಾಯಿ?” ಎಂದ.

“ಮಗನನ್ನು ಮಣ್ಣಿಗಿಟ್ಟವಳು,” ಎಂದಳು ತಾಯಿ. “ಈ ಮಗು ಅಪ್ಪನನ್ನು ಕೇಳುತ್ತಿದೆ. ಹೋಗಿ ಕರೆದುಕೊಂಡು ಬಾ. ದಾರಿಯಲ್ಲಿ ಅವನಿಗಿರುವ ಭಯ ನೀನೊಬ್ಬನೇ. ನೀನೇ ಜೊತೆಗಿದ್ದರೆ ಅವನಿಗೆ ಇನ್ನಾರ ಭಯ?”

ಯಾಮೀನ ಬಾಗಿಲಿಗೆ ಒದ್ದು ಹೊರಗೆ ಹೋದ. ಊರ ಬಾವಿಯವರೆಗೆ ಹೋದ, ಹಿಂದಕ್ಕೆ ಬಂದ, ಮತ್ತೆ ಹೋದ. ಕೊನೆಗೆ ನಗರದ ದಾರಿ ಹಿಡಿದ.

ಗಡಿಕಲ್ಲಿನ ಬಳಿ ನಿಂತು ಮಾಕೀರನನ್ನು ಕರೆಸಿದ. ಮಗಳಿಗೆ ಜ್ವರವೆಂದೂ ಕರೆದೊಯ್ಯಲು ಬಂದಿರುವೆನೆಂದೂ ಹೇಳಿದ. ಕೊಲ್ಲಬೇಕೆಂದು ಬಂದಿದ್ದರೂ ಅವನು ಇದೇ ಮಾತನ್ನು ಹೇಳುತ್ತಿದ್ದ. ಅದು ಇಬ್ಬರಿಗೂ ತಿಳಿದಿತ್ತು.

“ಇದು ನಿಜವೆಂದು ನಾನು ಹೇಗೆ ನಂಬಲಿ?” ಎಂದು ಮಾಕೀರ ಕೇಳಿದ.

“ನನಗೆ ಗೊತ್ತಿಲ್ಲ,” ಎಂದ ಯಾಮೀನ.

ಮಾಕೀರ ದೇವರ ಹೆಸರೆತ್ತಿ ಕಲ್ಲು ದಾಟಿದ.

ಮಾಕೀರ ಮುಂದೆ, ಯಾಮೀನ ಹಿಂದೆ ನಡೆದರು. ಒಂದು ಹರದಾರಿ ಹೋಗುವಷ್ಟರಲ್ಲಿ ಯಾಮೀನನ ಕೈ ಮೂರು ಸಲ ಸೊಂಟದ ಕತ್ತಿಗೆ ಹೋಯಿತು. ನಾಲ್ಕನೆಯ ಸಲ ಅವನು ಕತ್ತಿಯನ್ನು ಹಿರಿದು ಮಾಕೀರನ ಕೈಗೆ ಕೊಟ್ಟ. “ಇದು ನಿನ್ನ ಹತ್ತಿರ ಇರಲಿ. ನನ್ನ ಕೈಯನ್ನು ನಾನೇ ನಂಬಲಾರೆ,” ಎಂದ. ಮಾಕೀರ ತೆಗೆದುಕೊಂಡ. ಇಬ್ಬರೂ ಊರಿನ ಕಡೆ ನಡೆದರು.

ಮಗು ಅಪ್ಪನನ್ನು ಗುರುತಿಸಿತು. ನಾಲ್ಕು ದಿನವಾದ ಮೇಲೆ ಜ್ವರ ಬಿಟ್ಟಿತು. ಆ ನಾಲ್ಕು ದಿನವೂ ಯಾಮೀನ ಆ ಮನೆಯ ಹೊರಗೆ ಶತಪಥ ತಿರುಗಿದ. ಒಳಗೆ ಕಾಲಿಡಲಿಲ್ಲ. ಬೇರೆ ಯಾರನ್ನೂ ಕತ್ತಿ ಹಿಡಿದು ಒಳಗೆ ಹೋಗಲು ಬಿಡಲೂ ಇಲ್ಲ. ಐದನೆಯ ದಿನ ಮಾಕೀರನನ್ನು ನಗರದ ಗಡಿಯೊಳಗೆ ಬಿಟ್ಟು, ತಿರುಗಿ ನೋಡದೆ ಮನೆಗೆ ನಡೆದ. ಅವನಿಗೆ ಮೊದಲಿನ ನಿದ್ದೆ ಮತ್ತೆಂದೂ ಬರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಮುಳ್ಳು ಕೀಳತೊಡಗಿದ.

ಗುರು ಕತೆಯನ್ನು ಇಲ್ಲಿಗೆ ಮುಗಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆ ತಾಯಿ ಕೊಟ್ಟದ್ದು ದೊಡ್ಡದೇ ಇರಬಹುದು, ಗುರುಗಳೇ. ಆದರೆ ಸ್ವಂತ ಮಗನನ್ನು ಪಕ್ಕಕ್ಕಿಟ್ಟು, ಕೊಂದವನನ್ನು ಮನೆಗೆ ಕರೆಸಿದಳಲ್ಲ?” ಎಂದ.

“ಅವಳು ಮನೆಗೆ ಕರೆಸಿಕೊಂಡದ್ದು ಮಾಕೀರನನ್ನು ಎಂದುಕೊಂಡೆಯಾ?” ಎಂದರು ಗುರು.

ಶಿಷ್ಯ ಮೆಲ್ಲಗೆ ಕೂತುಕೊಂಡ.