ಅಲ್ತಾಫ್ ಕಾಯುತ್ತಿದ್ದ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿಯ ಸಂಗಯ್ಯ ಅಜ್ಜಾರು ಕಾವಿ ಉಡುವ ಮೊದಲು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಕಾವಿ ಉಟ್ಟ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಸುತ್ತಲಿನ ಶಾಲೆಗಳ ಕೆಟ್ಟ ಕಂಪ್ಯೂಟರುಗಳು ಮಠದ ಪಡಸಾಲೆಗೆ ಬಂದು ಸರಿಯಾಗಿ ಹೋಗುತ್ತಿದ್ದವು.

ಒಂದು ಮುಂಜಾನೆ ಫಕೀರೇಶನೆಂಬ ತರುಣ ಬಂದು ಅಜ್ಜಾರ ಕಾಲಿಗೆರಗಿದ. ಕೈಯಲ್ಲಿದ್ದ ಹೊಸ ಡಬ್ಬಿಯನ್ನು ಅವರ ಮುಂದಿಟ್ಟ.

“ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ರೀ, ಅಜ್ಜಾರ. ಇಷ್ಟು ಜೋರಿಂದು ನಮ್ಮ ಊರಾಗ ಯಾರ ಹತ್ರಾನೂ ಇಲ್ಲ. ಆಟ ಆಡೋ ಕಂಪ್ಯೂಟರ್ ನಾನ ಕಟ್ಟಬೇಕಂತ ಮಾಡೇನಿ. ಕಲಿಸ್ರಿ.”

“ಉಳಿದದ್ದೆಲ್ಲ ಎಲ್ಲೈತಿ?”

“ಇನ್ನೂ ತಂದಿಲ್ರಿ.”

ಅಜ್ಜಾರು ಡಬ್ಬಿ ಬಿಚ್ಚಲಿಲ್ಲ. “ಇದಕ್ಕ ಎಷ್ಟು ಕರೆಂಟ್ ಬೇಕು?”

ಫಕೀರೇಶನಿಗೆ ಗೊತ್ತಿರಲಿಲ್ಲ.

“ಇದು ಕೂಡ್ರೋ ಜಾಗಾ ಎಷ್ಟು ಉದ್ದ ಇರಬೇಕು?”

ಅದೂ ಗೊತ್ತಿರಲಿಲ್ಲ.

“ಉಣ್ಣಾಕ ಏನು ಹಾಕಬೇಕು, ಎಲ್ಲಿ ಕೂಡಸಬೇಕು, ಒಂದೂ ನೋಡಿಲ್ಲ. ಬೀಗರನ್ನ ಮಾತ್ರ ಕರಕೊಂಡು ಬಂದೀದಿ.”

“ನನಗ ಅವಸರ ಐತ್ರಿ.”

“ಯಾರು ಕಾಯಾಕತ್ತಾರ, ತಮ್ಮಾ?”

ಫಕೀರೇಶ ತಲೆ ತಗ್ಗಿಸಿದ. ಗೆಳೆಯ ಅಲ್ತಾಫನ ವಿಷಯ ಹೇಳಿದ.

ಊರಿನ ಸೈಬರ್ ಕೆಫೆಯಲ್ಲಿ ಇಬ್ಬರೂ ಕೂಡಿ ಆಡಿ ಬೆಳೆದವರು. ಒಬ್ಬ ಮುಂದೆ ನುಗ್ಗಿದರೆ ಇನ್ನೊಬ್ಬ ಹಿಂದೆ ಕಾವಲಿರುತ್ತಿದ್ದ. ಅಲ್ತಾಫನ ತಂದೆಗೆ ರೈಲ್ವೆಯಲ್ಲಿ ವರ್ಗವಾಯಿತು. ಮನೆಮಂದಿಯೆಲ್ಲ ವಿಶಾಖಪಟ್ಟಣಕ್ಕೆ ಹೋದರು. ಆಮೇಲೆ ಕೆಫೆಯೂ ಮುಚ್ಚಿತು.

“ಅಲ್ಲಿ ಅವರ ಮಾಮಾ ಅವಗ ಕಂಪ್ಯೂಟರ್ ಕೊಡಿಸ್ಯಾರ. ದಿನಾ ಸಂಜಿಗೆ ಫೋನ್ ಮಾಡ್ತಾನ. ‘ಟೀಮಿನ್ಯಾಗ ನಿನ್ನ ಜಾಗಾ ಖಾಲಿ ಇಟ್ಟೀನಿ, ಲಗೂ ಆನ್‌ಲೈನ್ ಬಾ’ ಅಂತಾನ. ನಮ್ಮ ಮನ್ಯಾಗಿನ ಹಳೇ ಮಷೀನಿನ್ಯಾಗ ಆ ಆಟ ತೆರೆಯೋದ ಇಲ್ರಿ.”

ಅಜ್ಜಾರು ಮೂಲೆಯಲ್ಲಿದ್ದ ಧೂಳು ಹಿಡಿದ ಕಂಪ್ಯೂಟರನ್ನು ಎಳೆದು ತಂದರು. ಸ್ಕ್ರೂ ಡ್ರೈವರ್ ಕೊಟ್ಟರು.

“ಬಿಚ್ಚು.”

“ಇದು ಸತ್ತೈತಲ್ರಿ?”

“ಅದಕ್ಕ. ಸತ್ತದ್ದು ಅವಸರ ಮಾಡಂಗಿಲ್ಲ.”

ಫಕೀರೇಶ ಒಳಗೆ ಕೈ ಹಾಕಹೋದ. ಅಜ್ಜಾರು ತಡೆದರು.

“ಮೊದಲು ಆ ಕಬ್ಬಿಣ ಮುಟ್ಟು.”

“ಯಾಕ್ರಿ?”

“ನಿನ್ನ ಮೈಯಾಗ ಕರೆಂಟ್ ಐತಿ. ನಿನಗ ಗೊತ್ತಾಗಂಗಿಲ್ಲ, ಆದ್ರ ಚಿಪ್ ಸುಡತೈತಿ. ಅದನ್ನ ಹೊರಗ ಬಿಟ್ಟು ಒಳಗ ಕೈ ಹಾಕು.”

ಅಂದಿನಿಂದ ಅವನು ದಿನವೂ ಬರತೊಡಗಿದ. ಬಿಚ್ಚುವುದು, ಮತ್ತೆ ಜೋಡಿಸುವುದು. ಕರೆಂಟನ್ನು ಹಂಚುವ ಪವರ್ ಸಪ್ಲೈ, ಎಲ್ಲವನ್ನೂ ಹೊತ್ತ ಮದರ್‌ಬೋರ್ಡ್, ಲೆಕ್ಕ ಮಾಡುವ ಪ್ರೊಸೆಸರ್. ಕಣ್ಣು ಮುಚ್ಚಿ ಮುಟ್ಟಿದರೂ ಯಾವುದೆಂದು ತಿಳಿಯುವಷ್ಟಾಯಿತು.

ಒಂದು ಸಲ ಅಜ್ಜಾರು ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರನ್ನು ಬಂದ್ ಮಾಡಿ, ಮೆಮೊರಿ ಪಟ್ಟಿ ಕಿತ್ತು ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು.

“ಈಗ ಹಚ್ಚು.”

ಹಚ್ಚಿದ. ಪರದೆ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಬೀಪ್, ಬೀಪ್ ಎಂದು ಕೂಗತೊಡಗಿತು.

“ಪ್ರೊಸೆಸರ್ ಐತಿ, ಡಿಸ್ಕ್ ಐತಿ, ಕರೆಂಟ್ ಐತಿ. ಯಾಕ ಅಳಾಕತ್ತೇತಿ?”

“ಅದರ ನೆನಪು ನಿಮ್ಮ ಮುಷ್ಟ್ಯಾಗ ಐತ್ರಿ.”

ಅಜ್ಜಾರು ನಕ್ಕು ಪಟ್ಟಿಯನ್ನು ಅವನ ಕೈಗಿಟ್ಟರು.

ಇನ್ನೊಂದು ದಿನ ಕೇಳಿದರು. “ಪ್ರೊಸೆಸರ್ ಕಣ್ಣು ಮುಚ್ಚಿ ತೆಗಿಯೋದ್ರಾಗ ಕೋಟಿ ಲೆಕ್ಕ ಮಾಡತೈತಿ. ಆದ್ರ ಅದು ಹೆಚ್ಚು ಹೊತ್ತು ಮಾಡೋದೇನು?”

“ಏನ್ರಿ?”

“ಕಾಯೋದು. ಡಿಸ್ಕಿನ್ಯಾಗಿಂದು ಮೆಮೊರಿಗೆ ಬರಬೇಕು. ಮೆಮೊರ್ಯಾಗಿಂದು ಅದರ ಕೈಗೆ ಬರಬೇಕು.”

“ಅದಕ್ಕ ಬ್ಯಾಸರ ಆಗಂಗಿಲ್ಲೇನ್ರಿ?”

“ನಿನ್ನಂಗ ಅದಕ್ಕ ಸಂಜಿಗೆ ಫೋನ್ ಬರಂಗಿಲ್ಲ.”

ಅಂದು ಸಂಜೆಯೂ ಫೋನ್ ಬಂತು. ರವಿವಾರ ದೊಡ್ಡ ಪಂದ್ಯವಿದೆ, ಅಷ್ಟರೊಳಗೆ ಬಾ ಎಂದ ಅಲ್ತಾಫ್. ಬರುತ್ತೇನೆ ಎಂದುಬಿಟ್ಟ ಫಕೀರೇಶ. ಅಜ್ಜಾರಿಗೆ ಒಂದು ಮಾತೂ ಹೇಳದೆ, ಇದ್ದುದರಲ್ಲಿ ಜೋರಾದ ಪ್ರೊಸೆಸರ್ ಒಂದು ಕಡೆಯಿಂದ, ಚಂದದ ಮದರ್‌ಬೋರ್ಡ್ ಇನ್ನೊಂದು ಕಡೆಯಿಂದ ತರಿಸಿದ. ಶನಿವಾರ ಎರಡನ್ನೂ ಪಡಸಾಲೆಯಲ್ಲಿ ಹರವಿದ.

ಪ್ರೊಸೆಸರ್ ತನ್ನ ಜಾಗದಲ್ಲಿ ಕೂಡಲಿಲ್ಲ. ಹೊರಳಿಸಿ ಇಟ್ಟ. ಆಗಲೂ ಕೂಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದ.

“ಕೈ ತೆಗಿ” ಎಂದರು ಅಜ್ಜಾರು. ಅವರ ದನಿ ಅಷ್ಟು ಏರಿದ್ದನ್ನು ಅವನು ಕೇಳಿರಲೇ ಇಲ್ಲ.

ಪ್ರೊಸೆಸರಿನ ಅಡಿಯಲ್ಲಿದ್ದ ಕೂದಲೆಳೆಯಂಥ ಪಿನ್ನುಗಳು ಒಂದು ಮೂಲೆಯಲ್ಲಿ ಬಾಗಿದ್ದವು.

“ಎರಡೂ ಹೊಸಾವ್ರಿ, ಅಜ್ಜಾರ! ಎರಡೂ ಭಾಳ ಚಲೋವು!”

“ಹೌದು. ಒಂದು ಇನ್ನೊಂದಕ್ಕಂತ ಹುಟ್ಟಿದ್ದಲ್ಲ, ಅಷ್ಟ.”

ಫಕೀರೇಶನ ಕಣ್ಣು ತುಂಬಿ ಬಂದವು. “ನಾಳೆ ಪಂದ್ಯ ಐತ್ರಿ. ಬರ್ತೀನಿ ಅಂತ ಹೇಳೇನಿ.”

ಅಜ್ಜಾರು ಸೂಜಿಯೊಂದನ್ನು ತಂದು ಅವನ ಕೈಗೆ ಕೊಟ್ಟರು. “ಒಂದೊಂದ ಪಿನ್ನು ಎತ್ತು. ಉಸಿರು ಹಿಡಿದು.”

ಬೆಳಕು ಇರುವ ತನಕ ಎತ್ತಿದ. ಒಂದೂ ಮುರಿಯಲಿಲ್ಲ. ಪಂದ್ಯ ಮಾತ್ರ ಅವನಿಲ್ಲದೆ ನಡೆಯಿತು.

ಮದರ್‌ಬೋರ್ಡ್ ವಾಪಸು ಹೋಗಿ, ಹೊಂದುವಂಥದ್ದು ಬರುವಷ್ಟರಲ್ಲಿ ಮಳೆಗಾಲ ಕಳೆಯಿತು. ಅಲ್ತಾಫನ ಫೋನು ದಿನ ಬಿಟ್ಟು ದಿನ ಬರತೊಡಗಿತು, ಆಮೇಲೆ ವಾರಕ್ಕೊಮ್ಮೆ. ಫಕೀರೇಶ ಸಂಜೆ ಹೊತ್ತು ಹೊಳೆಯ ಮೆಟ್ಟಿಲ ಮೇಲೆ ಫೋನ್ ಎದುರಿಗಿಟ್ಟುಕೊಂಡು ಕೂಡುತ್ತಿದ್ದ. ತಾನಾಗಿ ಮಾಡಲು ಮನಸ್ಸಾಗುತ್ತಿರಲಿಲ್ಲ. ಮಾಡಿದರೆ ಏನು ಹೇಳುವುದು? ಇನ್ನೂ ಆಗಿಲ್ಲ ಎಂದೇ?

ಈ ಸಲ ಅವನು ಅಜ್ಜಾರನ್ನು ಕೇಳದೆ ಏನನ್ನೂ ತರಲಿಲ್ಲ. ಕಾರ್ಡಿಗೆ ಸಾಲುವಷ್ಟು ಪವರ್ ಸಪ್ಲೈ ತಂದ. ಕಾರ್ಡ್ ಹಿಡಿಸುವಷ್ಟು ಉದ್ದದ, ಗಾಳಿ ಆಡುವ ಪೆಟ್ಟಿಗೆ ತಂದ. ಪ್ರೊಸೆಸರ್ ಇಟ್ಟ ಕೂಡಲೇ ತಾನಾಗಿಯೇ ಕೂತಿತು. ಒತ್ತಬೇಕಾಗಲಿಲ್ಲ.

ಎಲ್ಲ ಜೋಡಿಸಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಮಾತ್ರ ಹತ್ತಲಿಲ್ಲ.

ಅಜ್ಜಾರ ಕಡೆ ನೋಡಿದ. ಅವರು ಹೊಳೆಯ ಕಡೆ ನೋಡುತ್ತಿದ್ದರು.

ಫಕೀರೇಶ ಪ್ಲಗ್ ಕಿತ್ತ, ಕಬ್ಬಿಣ ಮುಟ್ಟಿದ, ಒಂದೊಂದೇ ವೈರಿನ ಮೇಲೆ ಬೆರಳಾಡಿಸುತ್ತ ಹೋದ. ಬೋರ್ಡಿನ ಮೇಲ್ಗಡೆ ಮೂಲೆಯಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ ಸಣ್ಣ ವೈರನ್ನು ಅವನು ಸಿಗಿಸಿರಲೇ ಇಲ್ಲ. ಸಿಗಿಸಿದ. ಮತ್ತೆ ಒತ್ತಿದ.

ಪರದೆ ಬೆಳಗಿತು.

“ಅಜ್ಜಾರ!”

“ನೋಡಿದೆ” ಎಂದರು ಅವರು. ಅವರ ಮುಖವೂ ಬೆಳಗಿತ್ತು.

ಆಟ ಡೌನ್‌ಲೋಡ್ ಆಗಿ ತೆರೆದುಕೊಳ್ಳುವಷ್ಟರಲ್ಲಿ ಸಂಜೆಯಾಗಿತ್ತು. ಗೆಳೆಯರ ಸಾಲಿನಲ್ಲಿ ಅಲ್ತಾಫನ ಹೆಸರಿತ್ತು. ಪಕ್ಕದಲ್ಲಿ, ಅವನು ಆಟದಲ್ಲಿದ್ದಾನೆಂದು ತೋರಿಸುವ ಹಸಿರು ಚುಕ್ಕೆ. ಅವನ ಟೀಮಿನಲ್ಲಿ ಎಲ್ಲ ಜಾಗಗಳೂ ತುಂಬಿದ್ದವು. ಆ ಹೆಸರುಗಳಲ್ಲಿ ಒಂದೂ ಫಕೀರೇಶನಿಗೆ ಗೊತ್ತಿರಲಿಲ್ಲ.

“ಬಂದೆ” ಎಂದು ಬರೆದ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. “ಅರೆ ದೋಸ್ತ! ಟೀಮ್ ಫುಲ್ ಆಗೇತಿ. ಇನ್ನೊಮ್ಮೆ ಆಡೋಣು.”

ಹಸಿರು ಚುಕ್ಕೆ ಹಾಗೇ ಇತ್ತು. ಫಕೀರೇಶ ಅದನ್ನೇ ನೋಡುತ್ತ ಕೂತ. ಹೊರಗೆ ದನಗಳು ಹೊಳೆಯಿಂದ ಮೇಲೆ ಹತ್ತುವ ಸದ್ದು ಕೇಳುತ್ತಿತ್ತು.

“ಅವಂದೇನೂ ತಪ್ಪಿಲ್ರಿ” ಎಂದ ಕೊನೆಗೆ. “ಎಷ್ಟಂತ ಕಾಯ್ತಾನ?”

ಅಜ್ಜಾರು ಪರದೆಯ ಕಡೆ ನೋಡಿದರು.

“ಇದನ್ನ ಕಟ್ಟಿ ಏನು ಬಂತ್ರಿ, ಅಜ್ಜಾರ? ಯಾರ ಜೋಡಿ ಆಡ್ಲಿ?”

ಅಜ್ಜಾರು ಚಾಪೆಯ ಮೇಲೆ ಸರಿದು ಅವನ ಹತ್ತಿರ ಬಂದು ಕೂತರು. ಕನ್ನಡಕವನ್ನು ಕಾವಿಯ ತುದಿಯಿಂದ ಒರೆಸಿ ಹಾಕಿಕೊಂಡರು. ಕೀಬೋರ್ಡನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು.

“ಆಡಾಕ ಎಡಗೈ ಎಲ್ಲಿ ಇಡಬೇಕು, ಹೇಳು.”