ಡೇರೆ ಎತ್ತಿದ ಜಾಗ

"ಹೆಮ್ಮೆ ಪಡುವುದು ತಪ್ಪೇ, ಗುರುಗಳೇ?" ಎಂದು ಶಿಷ್ಯ ಕೊಟ್ರೇಶ ಕೇಳಿದ.

ಗುರು ಅಡವಯ್ಯನವರು ಮೀಸೆ ತಿರುವಿದರು. "ಸರಿಯಾದವನನ್ನೇ ಕೇಳಿದೆ. ನನ್ನಷ್ಟು ವಿನಯವಂತ ಏಳು ಜಿಲ್ಲೆಯಲ್ಲಿಲ್ಲ. ಬೇಕಾದರೆ ಬರೆದುಕೊಡುತ್ತೇನೆ."

"ಹಾಗಲ್ಲ ಗುರುಗಳೇ. ಹೆಮ್ಮೆ ಬಿಡು ಎಂದು ಎಲ್ಲರೂ ಹೇಳುತ್ತಾರೆ. ಬಿಟ್ಟರೆ ಕೈಗೆ ಕೆಲಸವೇ ಹತ್ತುವುದಿಲ್ಲ. ಇಟ್ಟುಕೊಂಡರೆ ಜನ ಆಡಿಕೊಳ್ಳುತ್ತಾರೆ. ಏನು ಮಾಡಲಿ?"

"ಕೂತುಕೋ. ಆಫ್ರಿಕಾದ ಕಾಡಿನಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ನಾನು ಅಲ್ಲಿಗೆ ಹೋದವನಲ್ಲ. ನಾನು ಹೋದರೆ ಸಿಂಹಗಳಿಗೆ ಸಂಕೋಚವಾದೀತು ಎಂದು ಸುಮ್ಮನಿದ್ದೇನೆ."

ಹೀಗೆಂದು ಗುರುಗಳು ಕತೆಗೆ ತೊಡಗಿದರು.

ಒಬ್ಬ ಇಂಗಿನ ವರ್ತಕನಿದ್ದ. ಅವನು ಬೀದಿಯ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯ ಮನೆಯಲ್ಲಿ ಒಗ್ಗರಣೆ ಹಾಕದೆಯೇ ಸಾರು ಘಮ್ಮೆನ್ನುತ್ತಿತ್ತು. ಹೋದಲ್ಲೆಲ್ಲ ತನ್ನ ಹೆಸರು ಉಳಿಯಬೇಕೆಂಬುದು ಅವನ ಆಸೆ. ಕೆರೆಯ ಮೆಟ್ಟಿಲ ಮೇಲೆ ಅವನ ಹೆಸರಿತ್ತು. ಶಾಲೆಯ ಬೀರುವಿನ ಮೇಲಿತ್ತು. ಸ್ಮಶಾನದ ಬೆಂಚನ್ನೂ ಅವನು ಬಿಟ್ಟಿರಲಿಲ್ಲ.

ಅವನು ಒಂದು ವರ್ಷ ಸಫಾರಿಗೆಂದು ಆಫ್ರಿಕಾಕ್ಕೆ ಹೋದ. ಆ ಕಾಡಿನಲ್ಲಿ ಕಟ್ಟಡಗಳಿಲ್ಲ, ಡೇರೆಯಲ್ಲೇ ಇರಬೇಕು. ಡೇರೆಯೂ ಒಂದೆಡೆ ನಿಲ್ಲುವುದಿಲ್ಲ. ಮೂರು ದಿನಕ್ಕೊಮ್ಮೆ, ಅತಿಥಿಗಳು ಬೆಳಿಗ್ಗೆ ಜೀಪಿನಲ್ಲಿ ಪ್ರಾಣಿ ನೋಡಲು ಹೋದಾಗ, ಕೆಲಸದವರು ಡೇರೆ, ಮಂಚ, ಒಲೆ, ನೀರಿನ ಪೀಪಾಯಿ ಎಲ್ಲವನ್ನೂ ಲಾರಿಗೆ ಹೇರಿ ಬೇರೆ ಬಯಲಿಗೆ ಸಾಗುತ್ತಾರೆ. ಸಂಜೆ ಅತಿಥಿಗಳು ಬರುವಷ್ಟರಲ್ಲಿ ಅದೇ ಡೇರೆ, ಅದೇ ಮಂಚ, ಅದೇ ಬಿಸಿನೀರು. ಎದುರಿಗಿರುವ ಆನೆ ಮಾತ್ರ ಬೇರೆ.

ಆ ತಂಡಕ್ಕೊಬ್ಬ ಮೇಸ್ತ್ರಿಯಿದ್ದ. ಅಲ್ಲಿಯವನೇ, ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. "ಡೇರೆ ಹಾಕುವವರು ನೂರು ಮಂದಿ ಸಿಗುತ್ತಾರೆ. ಎತ್ತುವವನು ನಾನೊಬ್ಬನೇ" ಎಂಬುದು ಅವನ ಹೆಮ್ಮೆ. ಅವನು ಗೂಟ ಕಿತ್ತ ತೂತುಗಳನ್ನು ಮುಚ್ಚುತ್ತಿದ್ದ. ಬೂದಿಯನ್ನು ಮೂಟೆ ಕಟ್ಟಿ ಒಯ್ಯುತ್ತಿದ್ದ. ಬಾಗಿದ ಹುಲ್ಲನ್ನು ಬೆರಳಿನಿಂದ ಬಾಚಿ ನಿಲ್ಲಿಸುತ್ತಿದ್ದ. ಒಮ್ಮೆ ಅವನು ಎಷ್ಟು ಚೆನ್ನಾಗಿ ಎತ್ತಿದನೆಂದರೆ, ನೀರಿಗೆ ಹೋಗಿದ್ದ ಅಡುಗೆಯವನು ಮರಳಿ ಬಂದು, ತಂಡ ಇನ್ನೂ ಬಂದೇ ಇಲ್ಲವೆಂದು ಎರಡು ದಿನ ಕಾದು ಕುಳಿತ.

ಕೊನೆಯ ಬಯಲು ಹೊಳೆಯ ದಂಡೆಯಲ್ಲಿತ್ತು. ಜಿಂಕೆಗಳು ಮರಿಗಳನ್ನು ಮಲಗಿಸುವ ಜಾಗ ಅದು. ಅಲ್ಲಿ ಡೇರೆ ಹಾಕಲು ಈ ಮೇಸ್ತ್ರಿಗೊಬ್ಬನಿಗೇ ಅಪ್ಪಣೆಯಿತ್ತು. ಅದಕ್ಕೊಂದು ಷರತ್ತೂ ಇತ್ತು. ಡೇರೆ ಎತ್ತಿದ ದಿನ ಕಾಡಿನ ಕಾವಲುಗಾರ ದೂರ ಕುಳಿತು ನೋಡುತ್ತಾನೆ. ಹೊತ್ತು ಮುಳುಗುವುದರೊಳಗೆ ಜಿಂಕೆಗಳು ಆ ನೆಲಕ್ಕೆ ಮರಳಬೇಕು. ಮರಳದಿದ್ದರೆ ಆ ಬಯಲು ಮೇಸ್ತ್ರಿಗೆ ಮತ್ತೆಂದೂ ಇಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವು ಮರಳದೆ ಇದ್ದದ್ದಿಲ್ಲ.

ಹೊರಡುವ ದಿನ ಬೆಳಿಗ್ಗೆ ಡೇರೆ ಎತ್ತಿದ್ದಾಯಿತು. ಮೇಸ್ತ್ರಿ ಬರಿಗಾಲಿನಲ್ಲಿ ನೆಲವನ್ನೆಲ್ಲ ನಡೆದು ನೋಡಿ, ತೃಪ್ತನಾಗಿ ಲಾರಿಯ ಕಡೆಗೆ ಹೋದ. ವರ್ತಕ ಹಿಂದುಳಿದ. ಮೂರು ದಿನ ತಾನು ಮಲಗಿದ್ದು ಎಲ್ಲಿ ಎಂದು ಅವನಿಗೇ ತಿಳಿಯಲಿಲ್ಲ. ಅವನಿಗೆ ಅವಮಾನವಾಯಿತು. ಸಿಂಹದ ಗರ್ಜನೆಗೆ ಗೊರಕೆಯಿಂದಲೇ ಉತ್ತರ ಕೊಟ್ಟವನು ತಾನು. ಆ ಜಾಗದಲ್ಲಿ ತನ್ನದೊಂದು ಗುರುತೂ ಬೇಡವೇ? ಸೊಂಟದ ಚೀಲದಿಂದ ಹೆಬ್ಬೆರಳು ಗಾತ್ರದ ಇಂಗಿನ ಗಟ್ಟಿ ತೆಗೆದು, ಅಂದಾಜಿನ ಮೇಲೆ ಜಾಗ ಹಿಡಿದು, ಪುಡಿಮಾಡಿ ಉದುರಿಸಿದ. ಕಲ್ಲಿನ ಮೇಲೆ ಕೆತ್ತಿದ ಹೆಸರು ನೂರು ವರ್ಷ ಬಾಳುತ್ತದೆ. ಅವನ ಅಂಗಡಿಯ ಇಂಗು ಇನ್ನೂರು ವರ್ಷ.

ಎಲ್ಲರೂ ದೂರದ ಮರದಡಿಯಲ್ಲಿ ಕಾದರು. ಮಧ್ಯಾಹ್ನ ಜಿಂಕೆಗಳು ಬಂದವು. ಮುಂದೆ ಒಂದು ತಾಯಿ, ಅದರ ಹಿಂದೆ ಮರಿ. ತಾಯಿ ಬಯಲಿನ ಅಂಚಿನಲ್ಲಿ ನಿಂತು ಮೂಗೆತ್ತಿತು. ಒಂದು ಸಲ ಸೀನಿತು. ಹಿಂದಿದ್ದ ನೂರು ಜಿಂಕೆಗಳೂ ಸೀನಿದವು. ಆಚೆ ದಂಡೆಯ ಆನೆ ಸೀನಿತು, ಹೊಳೆಯಲ್ಲಿ ಅಲೆಯೆದ್ದಿತು. ಮರುಕ್ಷಣ ಹಿಂಡು ತಿರುಗಿ ಓಡಿತು.

ಕಾವಲುಗಾರ ಸೂರ್ಯನ ಕಡೆ ನೋಡಿದ. ಮೇಸ್ತ್ರಿ ಎದ್ದು ನಿಂತ. ಅವನು ಯಾರನ್ನೂ ದೂರಲಿಲ್ಲ. "ನಾನೇ ಏನೋ ಬಿಟ್ಟುಬಂದಿದ್ದೇನೆ. ವಯಸ್ಸಾಯಿತು" ಎಂದು ಬಯಲಿಗೆ ನಡೆದು, ಅಂಬೆಗಾಲಿಕ್ಕಿ ನೆಲ ಮೂಸತೊಡಗಿದ.

ಆ ಮಾತು ವರ್ತಕನಿಗೆ ನಾಟಿತು. ಬೈದಿದ್ದರೆ ಅವನೂ ತಿರುಗಿ ಬೈಯುತ್ತಿದ್ದ. ಅವನು ಓಡಿಹೋಗಿ ಮೇಸ್ತ್ರಿಯ ತೋಳು ಹಿಡಿದ.

"ಏಳಪ್ಪಾ. ಬಿಟ್ಟದ್ದು ನೀನಲ್ಲ, ನಾನು. ಇಂಗು ಉದುರಿಸಿದೆ."

"ಏಕೆ, ಯಜಮಾನರೇ?"

"ನಾನಿಲ್ಲಿದ್ದೆ ಎಂದು ಕಾಡಿಗೆ ಗೊತ್ತಾಗಲಿ ಅಂತ."

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಬಂದದ್ದು ಕಾಡಿಗೆ ಮೊದಲ ದಿನವೇ ಗೊತ್ತಾಗಿದೆ. ಹೋದಿರಿ ಎಂದು ಗೊತ್ತಾಗುವುದು ಬಾಕಿ."

ವರ್ತಕ ಪಂಚೆ ಎತ್ತಿ ಕಟ್ಟಿದ. ಜರಿಯ ಶಲ್ಯ ಹಾಸಿ, ಇಂಗು ಬಿದ್ದ ಮಣ್ಣನ್ನು ಬೊಗಸೆಯಲ್ಲಿ ತುಂಬಿ ಲಾರಿಗೆ ಹೊತ್ತ. ನಲವತ್ತು ವರ್ಷ ಇಂಗಿನ ನಡುವೆ ಕುಳಿತ ಮೂಗಿಗೆ ಇಂಗಿನ ವಾಸನೆ ತಿಳಿಯದು. ಮೇಸ್ತ್ರಿಯ ಮೂಗನ್ನೇ ನಂಬಬೇಕಾಯಿತು. "ಹೋಯಿತೇ?" ಎಂದು ಅವನು ಕೇಳಿದ. "ಇಲ್ಲ" ಎಂದ ಮೇಸ್ತ್ರಿ. ವರ್ತಕ ಇನ್ನಷ್ಟು ತೆಗೆದ. "ಈಗ?" "ಇಲ್ಲ." ಎಂಟನೆಯ ಹೊರೆಗೆ ಮೇಸ್ತ್ರಿ "ಹೋಯಿತು" ಎಂದು ತಲೆಯಾಡಿಸಿದ. ವರ್ತಕ ಹೊಳೆಯ ತಿರುವಿನಿಂದ ಹೊಸ ಮಣ್ಣು ಹೊತ್ತು ತಂದು ತುಂಬಿದ. ಹುಲ್ಲನ್ನು ಎಸಳು ಎಸಳಾಗಿ ಎತ್ತಿ ನಿಲ್ಲಿಸಿದ. ಒರಟಾಗಿ ಎತ್ತಿದ ಎಸಳನ್ನು ಮೇಸ್ತ್ರಿ ಮಲಗಿಸಿ ಮತ್ತೆ ಎತ್ತಿಸಿದ. ಕೊನೆಗೆ ವರ್ತಕ ಹೊಳೆಯಲ್ಲಿ ಮುಳುಗಿ ಮೈ ತೊಳೆದ. ಮೊಸಳೆಗಳು ಮೂಗು ಮುಚ್ಚಿ ದಡಕ್ಕೆ ಹತ್ತಿ ಕುಳಿತವು.

ಇಬ್ಬರೂ ದೂರದ ಮರದಡಿಗೆ ಮರಳಿದರು. ಸೂರ್ಯ ಮರಗಳ ಮೇಲೆ ಒಂದು ಗೇಣಿನಷ್ಟಕ್ಕೆ ಇಳಿದ. ಜಿಂಕೆಗಳಿಲ್ಲ. ಅರ್ಧ ಗೇಣಿನಷ್ಟಕ್ಕೆ ಇಳಿದ. ಆಗ ತಾಯಿ ಬಂತು. ಅಂಚಿನಲ್ಲಿ ನಿಂತಿತು, ಮೂಗೆತ್ತಿತು. ಮೇಸ್ತ್ರಿ ಉಸಿರು ಹಿಡಿದ. ವರ್ತಕ ಅವನಿಗಿಂತ ಮೊದಲೇ ಹಿಡಿದಿದ್ದ. ತಾಯಿ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಬಯಲಿನ ನಡುವೆ ಬಂದು ಕಾಲು ಮಡಚಿ ಮಲಗಿತು. ಮರಿ ಅದರ ಹೊಟ್ಟೆಗೆ ಒರಗಿ ಕಣ್ಣು ಮುಚ್ಚಿತು.

ಕಾವಲುಗಾರ ಎದ್ದು ಮೇಸ್ತ್ರಿಗೆ ಕೈಯೆತ್ತಿ ವಂದಿಸಿದ. ಮೇಸ್ತ್ರಿ ವರ್ತಕನ ಕಡೆ ಬೆರಳು ತೋರಿದ. "ಇವತ್ತಿನ ಡೇರೆ ಎತ್ತಿದ್ದು ಇವರು."

ವರ್ತಕನ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಕಿತ್ತು ಹಾರಿದವು. ಅವನ್ನೂ ಅವನು ಹುಡುಕಿ ಹೆಕ್ಕಿ ಜೇಬಿಗೆ ಹಾಕಿಕೊಂಡ.

ಊರಿಗೆ ಬಂದಾಗ ಪೇಟೆಯವರು ಸುತ್ತುವರಿದು ರೇಗಿಸಿದರು. "ಏನು ಶೆಟ್ಟರೇ, ಆಫ್ರಿಕಾದಲ್ಲಿ ನಿಮ್ಮದು ಏನಿದೆ ಈಗ?"

"ಏನೂ ಇಲ್ಲ!" ಎಂದು ವರ್ತಕ ತೊಡೆ ತಟ್ಟಿದ. "ಆ ಕಾಡನ್ನೆಲ್ಲ ಜಾಲಾಡಿದರೂ ಒಂದು ಚೂರು ಸಿಕ್ಕರೆ ಕೇಳಿ!"

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ನಕ್ಕ.

"ಅವನ ಹೆಮ್ಮೆ ಎಲ್ಲಿ ಹೋಯಿತು ಗುರುಗಳೇ? ಮೊದಲಿಗಿಂತ ಹೆಚ್ಚೇ ಆಯಿತಲ್ಲ. ನನ್ನದು ಒಳ್ಳೆಯದೋ ಕೆಟ್ಟದ್ದೋ, ಹೇಗೆ ತಿಳಿಯಲಿ?"

"ನೀನು ಎದ್ದುಹೋದ ಜಾಗದಲ್ಲಿ ಇನ್ನೊಂದು ಜೀವ ಹೆದರದೆ ಮಲಗಿದ್ದನ್ನು ಎಂದಾದರೂ ತಿರುಗಿ ನೋಡಿದ್ದೀಯಾ?" ಎಂದರು ಗುರುಗಳು.

ಕೊಟ್ರೇಶ ಎದ್ದು, ತಾನು ಕೂತಿದ್ದ ಜಾಗವನ್ನು ತಿರುಗಿ ನೋಡಿದ.